ಬೂಟು ಬಿಚ್ಚದ ಸಾಹೇಬರು

ರಜೆಯ ದಿನ. ಅರಮನೆಯ ಬಾಗಿಲಲ್ಲಿ ಜನವೋ ಜನ! ಚಪ್ಪಲಿ ಕಾಯುವ ನಿಂಗಾಜಮ್ಮನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಅಷ್ಟರಲ್ಲಿ ಖಾಕಿ ಸಫಾರಿ ತೊಟ್ಟ ಸಾಹೇಬರೊಬ್ಬರು ಬೂಟು ಟಕಟಕ ಅನ್ನಿಸುತ್ತ ಬಂದರು.

"ಸಾರ್, ಬೂಟು ಬಿಚ್ಚಿ. ಒಳಗೆ ಬರಿಗಾಲಲ್ಲೇ ಹೋಗ್ಬೇಕು."

"ನಾನ್ಯಾರು ಗೊತ್ತಾ? ತಡೆದರೆ ನಾಳೆ ನಿನಗೆ ಕೆಲಸ ಇರಲ್ಲ!"

ನಿಂಗಾಜಮ್ಮ ಯೋಚಿಸಿದಳು. ಒಳಗೆ ಬೂಟು ಹಾಕುವವರು ಕಾವಲುಗಾರರು ಮಾತ್ರ. "ಹಂಗೇ ಹೋಗಿ ಸಾರ್" ಎಂದು ದಾರಿ ಬಿಟ್ಟಳು. ಆಮೇಲೆ ಸಾಲಿನತ್ತ ತಿರುಗಿ ಕೂಗಿದಳು: "ಒಳಗೆ ಏನೇ ಬೇಕಾದ್ರೂ ಬೂಟು ಹಾಕಿರೋರನ್ನ ಕೇಳ್ರಪ್ಪಾ! ಅವರೇ ಅರಮನೆಯವರು!"

ಶುರುವಾಯಿತು ನೋಡಿ! ಅಂಬಾರಿ ಎಲ್ಲಿ? ಕುಡಿಯೋ ನೀರು ಎಲ್ಲಿ? ದರ್ಬಾರ್ ಹಾಲ್ ಯಾವ ಕಡೆ? ಸಾಹೇಬರು ತಪ್ಪಿಸಿಕೊಂಡು ಒಳಾಂಗಣದ ಹೂದೋಟಕ್ಕೆ ನುಗ್ಗಿದರೆ, "ಈ ಗುಲಾಬಿದು ಒಂದು ಕಡ್ಡಿ ಮುರಿದು ಕೊಡಿ ಸಾರ್!" ಒಬ್ಬ ಅಜ್ಜಿಯಂತೂ ಹಸುಗೂಸನ್ನೇ ಅವರ ಕೈಗಿತ್ತು, "ಸ್ವಲ್ಪ ಹಿಡ್ಕೊಳಪ್ಪ, ಸಿಂಹಾಸನ ನೋಡ್ಕೊಂಡು ಬತ್ತೀನಿ" ಎಂದು ಹೊರಟೇಹೋದಳು!

ಕೊನೆಗೆ ಅಜ್ಜಿ ಬಂದು ಕೂಸನ್ನು ಎತ್ತಿಕೊಂಡ ಮೇಲೆ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಬೂಟು ಬಿಚ್ಚಿ, ಎರಡೂ ಕೈಯಿಂದ ಒಪ್ಪಿಸಿದರು.

"ಅರಮನೆ ನೋಡಿದ್ದಾಯ್ತಾ ಸಾರ್?"

"ಎಲ್ಲಿ ನೋಡೋದು ತಾಯಿ? ಬರೀ ತೋರಿಸಿದ್ದೇ ಆಯ್ತು!"