ಅತ್ತಿಮರದ ಪೊಟರೆ

ಬಸುರಿ ಅಳಿಲು ಚಿಂಗಿ ತನ್ನ ಮೊದಲ ಮನೆ ಹುಡುಕುತ್ತ ಹೊರಟಳು. ತೋಟದ ಮಾವಿನಮರದಲ್ಲಿ ಅಳಿಲುಗಳೇ ತುಂಬಿದ್ದವು, ಆದರೆ ಒಂದು ಪೊಟರೆಗೆ ದಿನದ ಗಳಿಕೆಯಲ್ಲಿ ಅರ್ಧ ಬಾಡಿಗೆ ಕೇಳಿದವು. ಊರಾಚೆಯ ಅತ್ತಿಮರದ ಪೊಟರೆಯ ಬಾಡಿಗೆ ಅವಳ ಕೈಗೆಟಕುವಂತಿತ್ತು. ಆ ಮರದಲ್ಲಿ ಗಿಳಿ, ಬಾವಲಿ, ಓತಿಕ್ಯಾತ, ಗೊರವಂಕ ಎಲ್ಲವೂ ವಾಸವಾಗಿದ್ದವು.

"ನಿಮ್ಮಲ್ಲಿ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತದೆಯೇ?" ಎಂದು ಚಿಂಗಿ ಕುತೂಹಲದಿಂದ ಕೇಳಿದಳು.

"ಅರ್ಧಂಬರ್ಧ. ಇದ್ದು ನೋಡಿ," ಎಂದಿತು ಗೊರವಂಕ.

ಚಿಂಗಿ ಅಲ್ಲೇ ಮನೆ ಮಾಡಿ ಮರಿ ಹಾಕಿದಳು. ಮರಿ ನೆರೆಯವರೆಲ್ಲರ ಮಾತು ಕೇಳುತ್ತ ಬೆಳೆಯಿತು. ಒಂದು ಮಧ್ಯಾಹ್ನ ಅವಳು ಮೇವಿಗೆ ಹೋಗಿದ್ದಾಗ ಹಾವೊಂದು ಮರ ಹತ್ತಿತು. ಮರಿ ಗೊರವಂಕದ ಭಾಷೆಯಲ್ಲಿ ಚೀರಿತು; ಗೊರವಂಕಗಳೆಲ್ಲ ಎರಗಿ ಹಾವನ್ನು ಓಡಿಸಿದವು.

"ಅಳಿಲಿನಂತೆ ಏಕೆ ಕೂಗಲಿಲ್ಲ?" ಎಂದು ಚೀರಾಟ ಕೇಳಿ ಓಡಿಬಂದ ಚಿಂಗಿ ಕೇಳಿದಳು.

"ಹಾಗೆ ಕೂಗಿದ್ದರೆ ನೀನೊಬ್ಬಳೇ ಬರಬೇಕಿತ್ತಲ್ಲ, ಅಮ್ಮ," ಎಂದಿತು ಮರಿ.