ಗಡಬಡಾಸುರ ಕೊಂದಿದ್ದು ಹೌದೋ ಅಲ್ಲವೋ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಿದ್ರೆ ಕತೆ ಓಡಿಹೋಗುತ್ತೆ, ಸುಮ್ನೆ ಹೂಂ ಅನ್ನು, ಒಂದೂರಲ್ಲಿ ಯಲ್ಲೋಜಿ ಅಂತ ತೊಗಲುಗೊಂಬೆ ಆಡಿಸೋನು ಇದ್ನಂತೆ. ಅವನ ಸೊಸೆ ಸುಂಕವ್ವ. ಗಂಡ ಮದ್ದಲೆ ಬಾರಿಸೋನು, ಅಪ್ಪನ ಮುಂದೆ ಬಾಯಿ ಬಿಡೋನಲ್ಲ. ಸೊಸೆ ಬಂದ ದಿನವೇ ಮಾವ ಹೇಳಿದ್ನಂತೆ, ಆಟ ಮುಗಿದ ಮೇಲೆ ರಾಕ್ಷಸನ್ನೂ ರಾಜಕುಮಾರನ್ನೂ ಒಂದೇ ಪೆಟ್ಟಿಗೇಲಿ ಇಡಬೇಡ, ಒಳಗೇ ಹೊಡೆದಾಡ್ತಾವೆ. ಸುಂಕವ್ವ ಹೂಂ ಅಂದ್ಳಂತೆ. ಆಮೇಲೆ ಒಂದು ಸಲ ನಿದ್ದೆಗಣ್ಣಲ್ಲಿ ಇಬ್ಬರನ್ನೂ ಒಂದರಲ್ಲೇ ಮಲಗಿಸಿಬಿಟ್ಳಂತೆ. ಬೆಳಗ್ಗೆ ಮುಚ್ಚಳ ತೆಗೆದ್ರೆ ರಾಜಕುಮಾರ ಮುತ್ತುಕುಮಾರನಿಗೆ ಕುತ್ತಿಗೆಯೇ ಇಲ್ಲ, ಪಕ್ಕದಲ್ಲಿ ಗಡಬಡಾಸುರ ಹಲ್ಲು ಕಿರಿದುಕೊಂಡು ಮಲಗಿದಾನೆ.

ಯಲ್ಲೋಜಿ ಎದೆ ಬಡ್ಕೊಂಡು, ನನ್ನ ರಾಜಕುಮಾರನ್ನ ಕೊಂದೋಳು ಇವಳೇ, ಇವತ್ತೇ ತವರಿಗೆ ಅಟ್ತೀನಿ ಅಂದ್ನಂತೆ. ತವರಲ್ಲಿ ಯಾರಿದ್ರು, ಬಾಗಿಲಿಗೆ ಬೀಗ. ಸುಂಕವ್ವ, ಕೊಂದಿದ್ದು ನಾನಲ್ಲ, ಗಡಬಡಾಸುರ, ಪಂಚರನ್ನ ಕರೆಸಿ ಅಂತ ಹಟ ಹಿಡಿದ್ಳಂತೆ. ಆಮೇಲೆ ಮೂರು ಜನ ಪಂಚರು ಬಂದ್ರಂತೆ, ಕುಂಬಾರ, ಸೂಲಗಿತ್ತಿ, ಗಾಣಿಗ. ರಾಕ್ಷಸನ್ನ ಬೇವಿನ ಮರಕ್ಕೆ ಒರಗಿಸಿ ನಿಲ್ಲಿಸಿದ್ರಂತೆ. ಗಾಳಿ ಬಂದಾಗೆಲ್ಲ ಅವನು ತಲೆ ಆಡಿಸ್ತಿದ್ದ, ಅದು ಹೌದು ಅನ್ನೋದೋ ಇಲ್ಲ ಅನ್ನೋದೋ ಯಾರಿಗೂ ತಿಳೀಲಿಲ್ಲವಂತೆ.

ಮೊದಲು ಕುಂಬಾರ, ಇವನು ಹಪ್ಪಳದ ಹಂಗೆ ಚಪ್ಪಟೆ, ಹೊಟ್ಟೆಯೇ ಇಲ್ಲ, ತಿಂದ ಕುತ್ತಿಗೆ ಎಲ್ಲಿಟ್ಟ ಅಂದ್ನಂತೆ. ದಿನಾ ಆಟದಲ್ಲಿ ಆನೆ ನುಂಗ್ತಾನಲ್ಲ ಅಣ್ಣ, ಆಗ ಎಲ್ಲಿಟ್ಟ ಅಂತ ಕೇಳಿದ್ಯಾ ಅಂದ್ಳು ಸುಂಕವ್ವ. ಕುಂಬಾರ ತನ್ನ ಹೊಟ್ಟೆಯನ್ನೇ ಮುಟ್ಟಿ ಮುಟ್ಟಿ ನೋಡ್ಕೊಂಡ್ನಂತೆ.

ಆಮೇಲೆ ಸೂಲಗಿತ್ತಿ, ನಾನು ಹೊಕ್ಕುಳಬಳ್ಳಿ ಕೊಯ್ಯದ ಮಗು ಈ ಊರಲ್ಲಿಲ್ಲ, ಈ ರಾಜಕುಮಾರ ಹುಟ್ಟೇ ಇಲ್ಲ, ಹುಟ್ಟದವನು ಸಾಯೋದು ಹೆಂಗೇ ಹುಡುಗಿ ಅಂದ್ಳಂತೆ. ಸುಂಕವ್ವ, ಆಟದಲ್ಲಿ ಅವನು ಕಾಡಿಗೆ ಹೋದಾಗ ಸೆರಗಲ್ಲಿ ಕಣ್ಣೊರೆಸಿಕೊಂಡ್ಯಲ್ಲ ದೊಡ್ಡವ್ವ, ಹುಟ್ಟದವನಿಗೆ ಯಾಕೆ ಕಣ್ಣೀರು ಹಾಕಿದೆ ಅಂದ್ಳಂತೆ. ಮುದುಕಿಗೆ ಮತ್ತೆ ಅಳು ಬಂತಂತೆ.

ಆಮೇಲೆ ಗಾಣಿಗ, ಕೋಲು ಆಡಿಸದೆ ಗೊಂಬೆ ಕೈ ಎತ್ತಲ್ಲ, ಕೋಲು ಹಿಡಿಯೋನು ಯಲ್ಲೋಜಿ, ಹಂಗಾದ್ರೆ ಕೊಲೆಗಾರ ಯಲ್ಲೋಜಿನೇ ಅಂದುಬಿಟ್ನಂತೆ. ಯಲ್ಲೋಜಿ ಬೆವತುಹೋಗಿ, ನಾನು ಗೊರಕೆ ಹೊಡೀತಿದ್ದೆ ಕಣಯ್ಯ, ಗೊಂಬೆ ಯಾರನ್ನ ಕೊಲ್ಲುತ್ತೆ, ಅದು ಬರೀ ತೊಗಲು ಅಂದ್ನಂತೆ. ಸುಂಕವ್ವ ಅದಕ್ಕೇ ಕಾಯ್ತಿದ್ಳು. ಮಾವ, ಬರೀ ತೊಗಲಾದ್ರೆ ಒಟ್ಟಿಗೆ ಇಟ್ಟಿದ್ದು ಯಾವ ತಪ್ಪು. ಹೊಡೆದಾಡ್ತಾವೆ ಅಂದ ನಿಮ್ಮ ಮಾತು ನಿಜವಾದ್ರೆ ಕೊಂದೋನು ಅವನು. ನಾನು ಹಾಸಿಗೆ ಹಾಸಿದೆ ಅಷ್ಟೆ.

ಗಾಣಿಗನ ತಲೆ ಗಾಣದೆತ್ತಿನ ಹಂಗೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತಂತೆ. ಕೊನೆಗೆ ಮೂವರೂ, ಕೊಂದಿದ್ದು ಗಡಬಡಾಸುರನೇ, ಹೊಳೆಗೆ ಹಾಕಿ ಅಂದ್ರಂತೆ. ಯಲ್ಲೋಜಿ, ರಾಕ್ಷಸ ಇಲ್ಲದೆ ಆಟ ಎಲ್ಲಿ, ಆಟ ಇಲ್ಲದೆ ಅನ್ನ ಎಲ್ಲಿ ಅಂತ ಅಳೋಕೆ ಕೂತ್ನಂತೆ. ಆಗ ಸೂಲಗಿತ್ತಿ, ಹೊಳೇಲಿ ಒಂದು ಸಲ ಸಾಯೋ ಬದಲು ಪರದೆ ಮೇಲೆ ದಿನಾ ಸಾಯಲಿ, ಅವನನ್ನ ಕೊಲ್ಲೋ ಹೊಸ ರಾಜಕುಮಾರನ್ನ ಇವಳೇ ತೊಗಲಲ್ಲಿ ಕೊಯ್ದು ಬಣ್ಣ ಬಳೀಲಿ, ಅದಕ್ಕೆ ಅವಳು ಈ ಮನೇಲೇ ಇರಬೇಕಲ್ಲಪ್ಪ ಅಂದ್ಳಂತೆ. ಯಲ್ಲೋಜಿ ತಲೆ ಆಡಿಸಿದ್ನಂತೆ, ಗಾಳಿ ಬಂದ ಹಂಗೆ.

ಆಮೇಲೆ ಸುಂಕವ್ವ ಹಳೇ ಪೆಟ್ಟಿಗೆ ಕೊಡವೋವಾಗ ಮೂಲೆಯಿಂದ ಒಂದು ದಪ್ಪ ಇಲಿ ಹಾರಿಹೋಯ್ತಂತೆ. ನೋಡಿದ್ಳು, ಯಾರಿಗೂ ಹೇಳಲಿಲ್ಲ, ನೀನೂ ಹೇಳಬೇಡ. ಗಡಬಡಾಸುರ ಇವತ್ತಿಗೂ ದಿನಾ ಸಾಯ್ತಾನೆ, ಸುಂಕವ್ವ ದಿನಾ ಉಂಡು ಮಲಗ್ತಾಳೆ. ಕತೆ ಮುಗೀತು, ಪೆಟ್ಟಿಗೆ ಮುಚ್ಚಿತು, ನೀನೂ ಕಣ್ಣು ಮುಚ್ಚು.