ಕೊಕ್ಕರೆ ನಿಂತದ್ದೇ ನಡು

ಮೊದಲು ಒಂದು ಒಗಟು. ಯಾವಾಗ ನೋಡಿದ್ರೂ ನಡುವೆಯೇ ನಿಂತಿರ್ತದೆ. ಆದ್ರೂ ವರ್ಷ ವರ್ಷ ನಿಮ್ಮ ಮನೆ ಬಾಗಿಲಿಗೆ ಹತ್ತಿರ ಬರ್ತದೆ. ಏನದು?

ಗೊತ್ತಾಗ್ಲಿಲ್ಲ ಅಲ್ವಾ? ನಮ್ಮ ಸಮಾಜ ಪಾಠದ ಮೇಷ್ಟ್ರಿಗೂ ಗೊತ್ತಾಗ್ಲಿಲ್ಲ. ಅದಕ್ಕೆ ನನ್ನನ್ನೇ ಹೊರಗೆ ನಿಲ್ಲಿಸಿದ್ರು. ಇರ್ಲಿ, ಕಥೆ ಕೇಳಿ.

ಯಾವುದೋ ಕಾಲದ ಯಾವುದೋ ರಾಜ್ಯ. ಆ ಕಡೆ ಗುಡ್ಡ, ಈ ಕಡೆ ಬಯಲು, ಮಧ್ಯೆ ಒಂದು ಕೆರೆ. ಬಯಲಲ್ಲಿ ಕತ್ತೆ, ಎಮ್ಮೆ, ಮೇಕೆ, ಮೊಲ. ಗುಡ್ಡದ ಕಡೆ ದಡದಲ್ಲಿ ಒಂದು ಮೊಸಳೆ. ಕೆರೆ ಎಲ್ಲರದು. ಬಾಯಾರಿದವರು ಬಂದರು, ಕುಡಿದರು, ಹೋದರು.

ಆ ರಾಜ್ಯಕ್ಕೆ ರಾಜ ಇರಲಿಲ್ಲ. ಓಟು ಹಾಕಿ ಒಬ್ಬ ಪಂಚನನ್ನು ಆರಿಸ್ತಿದ್ರು. ಚುನಾವಣೆಗೆ ನಿಂತದ್ದು ಒಂದು ಬಿಳಿ ಕೊಕ್ಕರೆ, ಒಂದು ಬೂದು ಕೊಕ್ಕರೆ. ಎರಡಕ್ಕೂ ಮೀನು ಹಾಕಿ ಸಾಕ್ತಿದ್ದದ್ದು ಮೊಸಳೆ. ಬಿಳಿದು ಗೆದ್ದಿತು. "ನಾನು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ," ಅಂತ ಕತ್ತು ಕೊಂಕಿಸಿ ಭಾಷಣ ಮಾಡಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಜಗಳ ತೀರಿಸೋಕೆ ಅಲ್ಲೊಂದು ಪದ್ಧತಿ. ಎರಡು ಕಡೆಯವರೂ ತಮಗೆ ಎಲ್ಲಿವರೆಗೆ ಬೇಕೋ ಅಲ್ಲಿ ಒಂದು ಗೂಟ ನೆಡಬೇಕು. ಪಂಚ ಎರಡೂ ಗೂಟದ ನಟ್ಟನಡುವೆ ಹೋಗಿ ನಿಲ್ಲಬೇಕು. ನಿಂತ ಜಾಗವೇ ಗಡಿ.

ಮೊದಲನೇ ಬೇಸಿಗೆ ಮೊಸಳೆ ಹೇಳಿತು, "ಎಲ್ಲರದು ಅಂದ್ರೆ ಯಾರದೂ ಅಲ್ಲ. ಕೆರೆ ನನಗೆ ಕೊಡಿ, ಉದ್ಧಾರ ಮಾಡ್ತೀನಿ." ಹೇಳಿ, ಬಯಲಿನ ದಡದ ಮೇಲೆ ಗೂಟ ನೆಟ್ಟಿತು. ಪ್ರಾಣಿಗಳು ಮರ್ಯಾದಸ್ಥರು. ಇದ್ದದ್ದು ಇದ್ದ ಹಾಗಿರಲಿ ಅಂತ ಗುಡ್ಡದ ದಡದಲ್ಲಿ, ಮೊಸಳೆ ಬಾಗಿಲಿಗೆ ತಾಗದ ಹಾಗೆ ನೆಟ್ಟರು. ಕೊಕ್ಕರೆ ನಡುವೆ ನಿಂತಿತು. ಅರ್ಧ ಕೆರೆ ಹೋಯ್ತು.

"ಅರ್ಧ ಉಳೀತಲ್ಲ, ಬಿಡಿ," ಅಂದ ಕೋಣ ದೊಡ್ಡಯ್ಯ.

ಎರಡನೇ ಬೇಸಿಗೆ ಮೊಸಳೆ ಮತ್ತೆ ಬಯಲಿನ ದಡಕ್ಕೇ ಬಂದು ನೆಟ್ಟಿತು. ಪ್ರಾಣಿಗಳು ಹಳೇ ಗಡಿಯಲ್ಲೇ ನೆಟ್ಟರು. ಕೊಕ್ಕರೆ ನಡುವೆ ನಿಂತಿತು. ಉಳಿದ ಅರ್ಧದಲ್ಲಿ ಅರ್ಧ ಹೋಯ್ತು.

"ಅಷ್ಟಾದ್ರೂ ಉಳೀತಲ್ಲ," ಅಂದ ದೊಡ್ಡಯ್ಯ. ದನಿ ಮಾತ್ರ ಸಣ್ಣಗಾಗಿತ್ತು.

ಈಗ ಮೊಸಳೆ ನೀರು ಮಾರೋಕೆ ಶುರು ಮಾಡಿತು. ಒಂದು ಹೊಟ್ಟೆ ನೀರಿಗೆ ಒಂದು ಹೇರು ಕಲ್ಲು ಹೊರಬೇಕು, ಮೊಸಳೆ ಬಂಗಲೆಗೆ. ಸೆಕೆ ಏರಿದಂತೆ ಕಲ್ಲೂ ಏರಿತು. ಯಾಕೆ ಅಂದ್ರೆ, "ನಾನೇನು ಮಾಡ್ಲಿ? ಮಾರ್ಕೆಟ್ ಏರಿದೆ," ಅಂತಿತ್ತು. ಆ ಮಾರ್ಕೆಟ್ಟಲ್ಲಿ ಇದ್ದ ಅಂಗಡಿ ಅದೊಂದೇ!

ಕೆಂಚವ್ವ ಅನ್ನೋ ಕತ್ತೆಗೆ ಒಂದು ಮರಿ. ಹೊತ್ತೂ ಹೊತ್ತೂ ಅವಳ ಬೆನ್ನು ಹುಣ್ಣಾಗಿತ್ತು, ಇನ್ನು ಹೇರು ನಿಲ್ತಿರಲಿಲ್ಲ. ಬಯಲಿನವರ ಪಾಲಿಗೆ ಉಳಿದ ಕಾಲುಭಾಗವೂ ಬಿಸಿಲಿಗೆ ಬತ್ತಿ ಬರೀ ಕೆಸರಾಗಿತ್ತು. ಮರಿ ಅದನ್ನೇ ನೆಕ್ಕಿ ನೆಕ್ಕಿ ನಾಲಗೆ ಒಣಗಿ ಬಿದ್ದುಕೊಂಡಿತು. "ಅವ್ವಾ, ನೀರು," ಅನ್ನೋಕೂ ತ್ರಾಣ ಇರಲಿಲ್ಲ.

ಮೂರನೇ ಬೇಸಿಗೆ ಬಂತು. ಮೊಸಳೆ ಬಯಲಿನ ದಡದಲ್ಲಿ ಗೂಟ ನೆಟ್ಟಿತು. ದೊಡ್ಡಯ್ಯ ತಮ್ಮ ಗೂಟ ಹಿಡ್ಕೊಂಡು ಕೆಸರಿನ ಗಡಿ ಕಡೆ ಹೊರಟ.

"ತಾರೋ ಇಲ್ಲಿ," ಅಂತ ಕೆಂಚವ್ವ ಗೂಟ ಕಿತ್ಕೊಂಡಳು. ಕೆರೆ ಸುತ್ತಿದಳು. ಮೊಸಳೆ ಬಾಗಿಲು ದಾಟಿದಳು. ಕೆರೆ ಎಷ್ಟು ಅಗಲವೋ ಅಷ್ಟೇ ದೂರ ಗುಡ್ಡ ಹತ್ತಿ, ತುದೀಲಿ ನೆಟ್ಟಳು.

ಕೊಕ್ಕರೆ ಕಿರುಚಿತು, "ಏನವ್ವಾ ಇದು ಅತಿರೇಕ! ಗುಡ್ಡದ ಮೇಲೆ ನೀರೆಲ್ಲಿದೆ?"

"ಮೊಸಳೆ ಸಾಹುಕಾರ್ರು ಒಣ ದಡದಲ್ಲಿ ನೆಟ್ಟರಲ್ಲ, ಅಲ್ಲೇನು ನೀರು ಉಕ್ಕುತ್ತಿತ್ತಾ?"

"ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಮ್ಮ..."

"ಹೊಂದ್ಕೊಳ್ತೀನಪ್ಪ. ಗುಡ್ಡ ಪೂರ್ತಿ ಬೇಡ. ನೀನು ನಡುವೆ ನಿಲ್ಲು, ಸಾಕು. ನಡುವೆ ನಿಲ್ಲೋದೇ ತಾನೇ ನಿನ್ನ ಕಸುಬು?"

ಮೇಕೆಗಳು ಕಿಸಕ್ಕಂದವು. ದೊಡ್ಡಯ್ಯ ಕೂಡ ಕೊಂಬು ತಗ್ಗಿಸಿ ಕೊಕ್ಕರೆ ಹಿಂದೆ ಬಂದು ನಿಂತ. "ನಡೀರಿ ಪಂಚರೇ, ನಾವೂ ಬರ್ತೀವಿ," ಅಂದ. ಆ ಕೊಂಬು ನೋಡಿ ಕೊಕ್ಕರೆಗೆ ನ್ಯಾಯ ಜ್ಞಾಪಕಕ್ಕೆ ಬಂತು. ನಡು ಎಲ್ಲಿ ಬಿತ್ತು? ಮೊಸಳೆ ಬಿಸಿಲು ಕಾಯೋ ಕಲ್ಲಿನ ಮೇಲೆ! ಕೆರೆ ಪೂರ್ತಿ ಈಚೆ ಕಡೆ.

"ನನ್ನ ಮೀನು ತಿಂದು ನನ್ನ ಬಾಗಿಲಿಗೇ ಬಂದು ನಿಂತೆಯಾ?" ಅಂತ ಮೊಸಳೆ ಬಾಯಿ ಹಾಕಿತು. ಕೊಕ್ಕರೆ ಅರ್ಧ ಬಾಲ ಬಿಟ್ಟು ಹಾರಿತು. ಮೊಸಳೆ ಮತ್ತೆ ಬಾಯಿ ತೆರೆಯೋದರೊಳಗೆ ಎಮ್ಮೆ, ಕತ್ತೆ, ಮೇಕೆ, ಮೊಲ ಎಲ್ಲ ಒಟ್ಟಿಗೆ ನೀರಿಗಿಳಿದಿದ್ದವು. ಅಷ್ಟು ಗೊರಸಿನ ಮುಂದೆ ಒಂದು ಬಾಯಿ ಏನು ಮಾಡ್ತದೆ? ಬಂಗಲೆ ಬಿಟ್ಟು ಗುಡ್ಡದಾಚೆ ಓಡಿತು. ಕತ್ತೆಮರಿ ಮೂಗಿನವರೆಗೆ ಮೂತಿ ಮುಳುಗಿಸಿ ನೀರು ಕುಡೀತು, ಕುಡೀತು, ಕುಡೀತಾನೇ ಇತ್ತು.

ನೀತಿ ಏನಪ್ಪಾ ಅಂದ್ರೆ, ನುಂಗೋನಿಗೂ ನುಂಗಿಸಿಕೊಳ್ಳೋನಿಗೂ ನಡುವೆ ನಿಂತವನು ನುಂಗೋನ ಕಡೆಯವನೇ. ನಮ್ಮದನ್ನ ನಾವು ಕೇಳೋವಾಗ ಸಂಕೋಚ ಪಟ್ಟರೆ, ಆ ಸಂಕೋಚವನ್ನೂ ನಡುವಿನವನು ಪಾಲು ಹಾಕ್ತಾನೆ.

ಇನ್ನೊಂದು ವಿಷಯ. ಕೊನೆ ನಾನೇ ಕಟ್ಟಿದ್ದು. ನಮ್ಮಜ್ಜಿ ಹೇಳಿದ ಕಥೇಲಿ ಕತ್ತೆ ಗುಡ್ಡ ಹತ್ತೋದೇ ಇಲ್ಲ. ಕೆಸರಿನ ಹತ್ರ ಕೂತು, ಮಳೆ ಬರ್ಲಿ ಅಂತ ಕಾಯ್ತಾಳೆ. ನನಗೆ ಮೈ ಉರೀತು, ಹತ್ತಿಸಿದೆ.

ಏನೀಗ?